60 ದಿನದ ರಜೆ, ಒಂದು ಉಸುಕಿನ ಚೀಲ: ಮಿಲ್ಟ್ರಿಯವರಿಗೆ ಊರಲ್ಲೇ ಫಿಟ್‌ನೆಸ್

ರಜೆಗೆ ಬಂದ ಮಿಲ್ಟ್ರಿಯವನಿಗೆ ಊರಲ್ಲಿ ತಿನ್ನುವುದೇ ಡ್ಯೂಟಿ. ಬೆಳಿಗ್ಗೆ ಒಬ್ಬರ ಮನೆಯಲ್ಲಿ ಚಹಾ, ಮಧ್ಯಾಹ್ನ ಇನ್ನೊಬ್ಬರ ಮನೆಯಲ್ಲಿ ಊಟ, ಸಂಜೆ ಗೆಳೆಯರ ಜೊತೆ ಮಿರ್ಚಿ ಭಜಿ. ಅಜ್ಜಿ ಬೇರೆ "ಎಷ್ಟು ಸೊರಗೀಯೋ ತಮ್ಮಾ" ಅಂತ ಹೋಳಿಗೆ ಮೇಲೆ ತುಪ್ಪ ಸುರಿಯುತ್ತಾಳೆ. ಬೇಡ ಅನ್ನೋಕೆ ಯಾರಿಗೆ ಧೈರ್ಯ? ಎರಡು ತಿಂಗಳು ಕಳೆದು ಯೂನಿಟ್‌ಗೆ ಹೋಗಿ ಬೆಲ್ಟ್ ಕಟ್ಟುವಾಗ ಗೊತ್ತಾಗುತ್ತದೆ, ಬಕಲ್ ಹಳೇ ತೂತಿಗೆ ಬರುತ್ತಿಲ್ಲ. ಸರಿಯಾಗಿ ಅದೇ ವಾರ ಬಿಪಿಇಟಿ, ಅಂದರೆ ಸೇನೆಯ ಫಿಟ್‌ನೆಸ್ ಪರೀಕ್ಷೆ, ಇಟ್ಟಿರುತ್ತಾರೆ. ರೈಫಲ್, ಪಿಟ್ಠು (ಬೆನ್ನಿಗೆ ಹಾಕುವ ಚೀಲ) ಸಮೇತ 5 ಕಿಲೋಮೀಟರ್ ಓಟ, 60 ಮೀಟರ್ ದೌಡು, ಹಗ್ಗ ಹತ್ತುವುದು, 9 ಅಡಿ ಗುಂಡಿ ಜಿಗಿಯುವುದು.

ನಾನು ಇನ್‌ಫೆಂಟ್ರಿಯಲ್ಲಿ 17 ವರ್ಷ ಇದ್ದು ಹವಾಲ್ದಾರ್ ಆಗಿ ಪೆನ್ಶನ್ ಬಂದವನು. ಕೊನೆಯ ಐದಾರು ವರ್ಷ ಪಿಟಿ ಉಸ್ತಾದ್ ಆಗಿದ್ದೆ. ಈಗ ಬಾಗಲಕೋಟೆ ಕಡೆಯ ನಮ್ಮೂರಿನ ಹೈಸ್ಕೂಲ್ ಗ್ರೌಂಡಿಗೆ ರಜೆಗೆ ಬಂದ ಜವಾನರು, ಭರ್ತಿಗೆ ತಯಾರಾಗುವ ಹುಡುಗರು ಸೇರಿ ದಿನಾ ಹತ್ತಿಪ್ಪತ್ತು ಜನ ಬರುತ್ತಾರೆ. ಅವರಿಗೆ ಮಾಡಿಸುವ ಹಿಫ್ಟ್ ಅನ್ನೋ ವ್ಯಾಯಾಮವನ್ನೇ, 8 ವಾರದ ಪ್ಲಾನ್ ಮಾಡಿ ಇಲ್ಲಿ ಬರೆಯುತ್ತಿದ್ದೇನೆ. ವರ್ಷಕ್ಕೆ 60 ದಿನ ಆನ್ಯುಯಲ್ ಲೀವ್, 8 ವಾರಕ್ಕೆ 56 ದಿನ. ಉಳಿದ ನಾಲ್ಕು ದಿನ ನಿದ್ದೆಗೂ ಕುಲದೇವರಿಗೂ ಇಟ್ಟುಕೊಳ್ಳಿ. ಅಗ್ನಿವೀರರಿಗೆ 30 ದಿನ ಮಾತ್ರ, ಅವರು ಮೊದಲ ನಾಲ್ಕು ವಾರದ್ದು ಇಲ್ಲಿ ಮುಗಿಸಿ ಉಳಿದದ್ದನ್ನು ಯೂನಿಟ್‌ನಲ್ಲಿ ಮಾಡಬಹುದು.

ಏನಿದು ಹಿಫ್ಟ್?

ಹೈ ಇಂಟೆನ್ಸಿಟಿ ಫಂಕ್ಷನಲ್ ಟ್ರೈನಿಂಗ್. ಹೆಸರು ದೊಡ್ಡದು, ಕೆಲಸ ನಮಗೆ ಹೊಸದಲ್ಲ. ನಮ್ಮ ಕಡೆ ಜಾತ್ರೆಯಲ್ಲಿ ಉಸುಕಿನ ಚೀಲ ಎತ್ತುವ ಸ್ಪರ್ಧೆ ಇರುತ್ತದಲ್ಲ, ಸಂಗ್ರಾಣಿ ಕಲ್ಲು ಎತ್ತುತ್ತಾರಲ್ಲ, ಆ ಥರದ ಕೆಲಸ. ಕಾಲು, ಸೊಂಟ, ಬೆನ್ನು, ಕೈ ಎಲ್ಲ ಒಟ್ಟಿಗೆ ದುಡಿಯಬೇಕು. ಚೀಲ ಎತ್ತಿದ ಮೇಲೆ ಉಸಿರು ಬಿಡುವಷ್ಟರಲ್ಲಿ ಓಟ, ಓಟದ ಹಿಂದೆಯೇ ಬೀಮ್ (ಕಂಬಿಗೆ ಜೋತುಬಿದ್ದು ಗದ್ದ ಮೇಲೆ ಬರುವ ಹಾಗೆ ಮೈ ಎತ್ತುವುದು), ಮತ್ತೆ ಚೀಲ. ಬರೀ ಓಡಿ ನಿಂತು ಓಡುವುದು ಎಚ್‌ಐಐಟಿ. ಅದಕ್ಕೆ ಭಾರ ಸೇರಿಸಿ, ವ್ಯಾಯಾಮ ಬದಲಿಸುತ್ತಾ ಹೋದರೆ ಹಿಫ್ಟ್.

ಸೈನಿಕನಿಗೆ ಇದೇ ಯಾಕೆ ಬೇಕು ಅಂದರೆ, ಗಾಯಗೊಂಡ ಜೊತೆಗಾರನನ್ನು ಎಳೆದು ತರುವಾಗ ಯಾರೂ "ಇವತ್ತು ಬೈಸೆಪ್ಸ್ ದಿನ" ಅಂತ ಕೇಳುವುದಿಲ್ಲ. ಅಮೆರಿಕದ ಸೇನೆ ತನ್ನ ಹಳೇ ಪರೀಕ್ಷೆಯನ್ನು ಬಿಟ್ಟು 2022ರಿಂದ ಹೊಸದನ್ನು ತಂದಾಗ ಅದರಲ್ಲಿ ಒಂದು ಐಟಂ ಹೀಗಿತ್ತು: 25 ಮೀಟರ್ ಗೆರೆಯಲ್ಲಿ ಹೋಗಿ ಬರುವುದು ಐದು ಸಲ. ಒಮ್ಮೆ ಓಟ, ಒಮ್ಮೆ ಸುಮಾರು 41 ಕೆಜಿ ಸ್ಲೆಡ್ ಎಳೆಯುವುದು, ಒಮ್ಮೆ ಅಡ್ಡಡ್ಡ ಓಟ, ಒಮ್ಮೆ ಎರಡೂ ಕೈಯಲ್ಲಿ 18 ಕೆಜಿಯ ಕೆಟಲ್‌ಬೆಲ್ (ಹಿಡಿಕೆ ಇರುವ ಕಬ್ಬಿಣದ ಗುಂಡು), ಕೊನೆಗೆ ಮತ್ತೆ ಓಟ. ಒಟ್ಟು 250 ಮೀಟರ್. ಓದೋಕೆ ಸುಲಭ. ನಮ್ಮ ಗ್ರೌಂಡಿನಲ್ಲಿ ಟೈರು ಕಟ್ಟಿ ಮಾಡಿಸಿದಾಗ 1600 ಮೀಟರ್ ಓಟದಲ್ಲಿ ಫಸ್ಟ್ ಬರುವ ಹುಡುಗ ಬೇಲಿ ಹಿಡಿದು ವಾಂತಿ ಮಾಡಿದ.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ, ಆಮೇಲೆ ನನ್ನನ್ನು ಬೈಯಬೇಡಿ. ಅಮೆರಿಕದ ಸೈನಿಕರ ಮೇಲೆ ಇಂಥದ್ದೇ ಸರ್ಕ್ಯೂಟ್ ಮಾಡಿಸಿ ನೋಡಿದ ಒಂದು ಅಧ್ಯಯನ 2012ರಲ್ಲಿ ಬಂತು. 8 ವಾರದಲ್ಲಿ 45 ನಿಮಿಷದ 15 ಸೆಷನ್, ಅಂದರೆ ವಾರಕ್ಕೆ ಹೆಚ್ಚುಕಡಿಮೆ ಎರಡು. ಮಾಮೂಲಿ ಪಿಟಿ ಮಾಡಿದವರಿಗಿಂತ ಇವರ ಪುಷ್‌ಅಪ್ ಜಾಸ್ತಿಯಾಯಿತು, ಬೆಂಚ್‌ಪ್ರೆಸ್ ಜಾಸ್ತಿಯಾಯಿತು, 2 ಮೈಲಿ ಓಟದ ಟೈಮಿಂಗ್ ಇಳಿಯಿತು. ಮೈಯ ಕೊಬ್ಬು? ಎರಡೂ ಗುಂಪಿನಲ್ಲಿ ಇದ್ದಲ್ಲೇ ಇತ್ತು. ದಮ್ಮು, ಬಲ ಗ್ರೌಂಡಿನಲ್ಲಿ ಬರುತ್ತದೆ. ಹೊಟ್ಟೆ ಕರಗುವುದು ಊಟದ ತಟ್ಟೆಯ ಹತ್ತಿರ. ಹಾಗಾಗಿ ಈ ಪ್ಲಾನಿನಲ್ಲಿ ಗ್ರೌಂಡಿಗೆ ಮೂರೇ ದಿನ, ತಟ್ಟೆಗೆ ಏಳೂ ದಿನ.

ಶುರು ಮಾಡುವ ಮುಂಚೆ ನನ್ನ ಪೆದ್ದುತನ ಕೇಳಿ

ಸರ್ವಿಸ್‌ನಲ್ಲಿದ್ದಾಗ ಒಂದು ಸಲ ರಜೆಯಲ್ಲಿ ಒಂದೂವರೆ ತಿಂಗಳು ಏನೂ ಮಾಡಿರಲಿಲ್ಲ. ವಾಪಸ್ ಹೋಗಲು ವಾರ ಇದ್ದಾಗ ಗಾಬರಿಯಾಗಿ, ತಮ್ಮನ ಜೊತೆ ಪಂಥ ಕಟ್ಟಿ, ಒಂದೇ ಬೆಳಿಗ್ಗೆ ನೂರು ಬೀಮ್, ಮುನ್ನೂರು ಬಸ್ಕಿ ಹೊಡೆದೆ. ಬೀಮ್ ಕೊನೆಕೊನೆಗೆ ಜಿಗಿದು ಹಿಡಿದು ನಿಧಾನ ಇಳಿಯುವುದಷ್ಟೇ ಆಗಿತ್ತು. ಮೇ ತಿಂಗಳು ಬೇರೆ. ಎರಡನೇ ದಿನ ಕೈ ಮಡಚೋಕೆ ಆಗಲಿಲ್ಲ, ಹಲ್ಲುಜ್ಜೋಕೆ ಮುಖವನ್ನೇ ಬ್ರಶ್ ಹತ್ತಿರ ತರಬೇಕಾಯಿತು. ಮೂತ್ರ ನೋಡಿದರೆ ಹಾಲು ಹಾಕದ ಚಹಾದ ಬಣ್ಣ. ಆಸ್ಪತ್ರೆಯಲ್ಲಿ ನಾಲ್ಕು ದಿನ ಸಲೈನ್ ಹಾಕಿ ಮಲಗಿಸಿದರು.

ಇದಕ್ಕೆ ರ‍್ಯಾಬ್ಡೋ ಅಂತಾರೆ. ಸ್ನಾಯು ಒಡೆದು ಅದರೊಳಗಿನದ್ದು ರಕ್ತಕ್ಕೆ ಸೇರುತ್ತದೆ, ಅದನ್ನು ಸೋಸಲು ಹೋಗಿ ಕಿಡ್ನಿ ಒದ್ದಾಡುತ್ತದೆ. ಇಂಥ ವ್ಯಾಯಾಮ ಸೇನೆಯಲ್ಲಿ ಜನಪ್ರಿಯವಾದಾಗ ಅಮೆರಿಕದ ಮಿಲಿಟರಿ ವೈದ್ಯರು, ಕ್ರೀಡಾ ವೈದ್ಯರು ಸೇರಿ 2011ರಲ್ಲೇ ಈ ಬಗ್ಗೆ ಎಚ್ಚರಿಸಿದ್ದರು. ಗ್ಯಾಪ್ ಆದ ಮೇಲೆ ಒಮ್ಮೆಲೇ ಮೈಮೇಲೆ ಬೀಳುವವನಿಗೆ, ಬಿಸಿಲಲ್ಲಿ ಮಾಡುವವನಿಗೆ, ನೀರು ಕುಡಿಯದವನಿಗೆ ಅಪಾಯ ಜಾಸ್ತಿ. ನಾನು ಮೂರೂ ಆಗಿದ್ದೆ. ವ್ಯಾಯಾಮದ ಮಾರನೇ ದಿನವೋ ಅದರ ಮಾರನೇ ದಿನವೋ ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಎಳನೀರು ಕುಡಿದು ಕೂರಬೇಡಿ. ಸೀದಾ ಆಸ್ಪತ್ರೆ.

ಹಂತ 1: ಅಳತೆ (ಮೊದಲ ಎರಡು ದಿನ)

35 ದಾಟಿದವರು, ಬಿಪಿ-ಶುಗರ್ ಇದ್ದವರು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹಾರ್ಟ್ ತೊಂದರೆ ಆದವರು ಇದ್ದರೆ ಮೊದಲು ಡಾಕ್ಟರ್. ಆರೋಗ್ಯದ ಕಾರಣಕ್ಕೆ ಮೆಡಿಕಲ್ ಕೆಟಗರಿಯಲ್ಲಿ ಇದ್ದವರೂ ಅಷ್ಟೇ.

ಬೆಳಿಗ್ಗೆ ಎದ್ದು ಸಂಡಾಸಿಗೆ ಹೋಗಿ ಬಂದು, ಏನೂ ತಿನ್ನದೆ, ದರ್ಜಿಯ ಟೇಪ್‌ನಿಂದ ಹೊಕ್ಕುಳ ಮಟ್ಟದಲ್ಲಿ ಹೊಟ್ಟೆ ಅಳೆಯಿರಿ. ಹೊಟ್ಟೆ ಒಳಗೆ ಎಳೆದುಕೊಂಡು ಅಳೆಯುವುದು ಬೇಡ, ಇಲ್ಲಿ ಮೆಡಿಕಲ್ ಆಫೀಸರ್ ಇಲ್ಲ! ನಮ್ಮ ದೇಶದ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಅಪಾಯದ ಗೆರೆ ದಾಟಿದ ಲೆಕ್ಕ. ತೂಕವನ್ನೂ ಬರೆದಿಡಿ, ಆದರೆ ಟೇಪ್ ಹೇಳುವುದನ್ನೇ ಜಾಸ್ತಿ ನಂಬಿ. ಕೊಬ್ಬು ಇಳಿದು ಸ್ನಾಯು ಏರಿದರೆ ತೂಕದ ಕಾಟಾ ಅಲ್ಲಾಡುವುದೇ ಇಲ್ಲ.

ಮಾರನೇ ದಿನ ಮೂರು ಟೆಸ್ಟ್: 2.4 ಕಿಲೋಮೀಟರ್ ಓಟದ ಟೈಮ್, ಪೂರ್ತಿ ಕೈ ಚಾಚಿ ಜೋತುಬಿದ್ದು ಎಷ್ಟು ಬೀಮ್, ಎರಡು ನಿಮಿಷದಲ್ಲಿ ಎಷ್ಟು ಪುಷ್‌ಅಪ್. ಬೀಮ್‌ನಲ್ಲಿ ಕಾಲು ಒದ್ದು ಮೇಲೆ ಹೋದದ್ದು ಲೆಕ್ಕಕ್ಕಿಲ್ಲ. ನೋಟ್‌ಬುಕ್‌ನಲ್ಲಿ ತಾರೀಖು ಹಾಕಿ ಬರೆಯಿರಿ.

ಹಂತ 2: ಸಾಮಾನು

ಹಳೇ ಕಿಟ್ ಬ್ಯಾಗ್ ಇದ್ದರೆ ಅರ್ಧ ಕೆಲಸ ಮುಗಿಯಿತು. ಒಣ ಉಸುಕನ್ನು ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಇನ್ನೊಂದು ಪ್ಲಾಸ್ಟಿಕ್ ಚೀಲದಲ್ಲಿ ತಲೆಕೆಳಗಾಗಿ ಇಟ್ಟು ಮತ್ತೆ ಕಟ್ಟಿ, ಆಮೇಲೆ ಕಿಟ್ ಬ್ಯಾಗಿಗೆ ಹಾಕಿ. ಒಂದೇ ಚೀಲದಲ್ಲಿ ಮುಗಿಸಿದರೆ ಮೂರನೇ ದಿನ ಕಣ್ಣಲ್ಲಿ ಉಸುಕು ಗ್ಯಾರಂಟಿ. ಸ್ನಾನದ ಬಕೆಟ್ ಮುಕ್ಕಾಲು ತುಂಬಿದರೆ ಹತ್ತಿರಹತ್ತಿರ 20 ಕೆಜಿ ಬರುತ್ತದೆ, ಕಿರಾಣಿ ಅಂಗಡಿ ಕಾಟಾದಲ್ಲಿ ನೋಡಿಕೊಳ್ಳಿ. ಚೀಲವನ್ನು ಗಟ್ಟಿಯಾಗಿ ತುಂಬಬೇಡಿ. ಒಳಗೆ ಉಸುಕು ಆಚೀಚೆ ಜಾರಬೇಕು, ಪೇಚಾಟ ಅದರಲ್ಲೇ ಇದೆ.

ಹಿಡಿಕೆ ಇರುವ ಎರಡು ನೀರಿನ ಕ್ಯಾನ್ ಬೇಕು. 20 ಲೀಟರ್ ತುಂಬಿದರೆ 20 ಕೆಜಿ, ಅರ್ಧ ತುಂಬಿದರೆ 10. ಭಾರ ಬದಲಿಸೋಕೆ ಇದಕ್ಕಿಂತ ಸುಲಭ ಇಲ್ಲ. ಹೊಲಕ್ಕೆ ಔಷಧಿ ತಂದ ಕ್ಯಾನ್ ಮಾತ್ರ ಬೇಡ. ಒಂದು ಹಳೇ ಕಾರಿನ ಟೈರು, ಎತ್ತಿನ ಹಗ್ಗ, ಬೇವಿನ ಮರದ ಗಟ್ಟಿ ಕೊಂಬೆಗೋ ಶಾಲೆಯ ಕಬ್ಬಿಣದ ಕಂಬಕ್ಕೋ ಬೀಮ್. ಮುಗಿಯಿತು.

ಹಂತ 3: ಮೊದಲ ಎರಡು ವಾರ ಬೋರ್ ಹೊಡೆಯುತ್ತದೆ

ಹೊಡೆಯಲಿ. ಈ ಎರಡು ವಾರ ಮೈಗೆ ನೆನಪು ಮಾಡಿಸುವುದಷ್ಟೇ. ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಬಿಸಿಲೇರುವ ಮುಂಚೆ, 30 ನಿಮಿಷ. 10 ನಿಮಿಷ ನಿಧಾನ ಓಟ, ಕೈಕಾಲು ಸಡಿಲ ಮಾಡುವುದು. ಆಮೇಲೆ 10 ಕೆಜಿ ಚೀಲದಲ್ಲಿ 5 ಎತ್ತುವಿಕೆ, 8 ಪುಷ್‌ಅಪ್, 10 ಬಸ್ಕಿ, 3 ಬೀಮ್, ಅರ್ಧ ತುಂಬಿದ ಕ್ಯಾನ್ ಹಿಡಿದು 40 ಮೀಟರ್ ನಡಿಗೆ. ಇದು ಒಂದು ಸುತ್ತು. ಎರಡು ನಿಮಿಷ ದಮ್ಮು ತೆಗೆದುಕೊಂಡು ಇನ್ನೊಂದು. ಮೊದಲ ವಾರ ಎರಡು ಸುತ್ತು, ಎರಡನೇ ವಾರ ಮೂರು. ಮಧ್ಯೆ ಪಕ್ಕದವನ ಜೊತೆ ಪೂರ್ತಿ ವಾಕ್ಯ ಮಾತಾಡೋಕೆ ಆಗಬೇಕು. ಆಗದಿದ್ದರೆ ಜಾಸ್ತಿ ಜೋರಾಯಿತು.

ಚೀಲ ಎತ್ತುವುದನ್ನು ಸರಿಯಾಗಿ ಕಲಿಯಿರಿ, ಬೆನ್ನು ಹೋಗುವುದು ಇಲ್ಲೇ. ಚೀಲ ಎರಡೂ ಪಾದದ ನಡುವೆ ಇರಲಿ, ಮುಂದೆ ದೂರ ಅಲ್ಲ. ಎರಡೂ ಕೈಯಲ್ಲಿ ಕೊಡ ಹಿಡಿದು ಬಂದಾಗ ಹಿತ್ತಲ ಬಾಗಿಲನ್ನು ಕುಂಡಿಯಿಂದ ನೂಕುತ್ತೀರಲ್ಲ, ಹಾಗೆ ಸೊಂಟ ಹಿಂದಕ್ಕೆ ಹೋಗಲಿ, ಮೊಣಕಾಲು ಸ್ವಲ್ಪ ಮಡಚಲಿ, ಬೆನ್ನು ಹಲಗೆಯ ಹಾಗಿರಲಿ. ಚೀಲದ ಕೆಳಗೆ ಕೈ ತೂರಿಸಿ ಎದೆಗೆ ಅಪ್ಪಿಕೊಳ್ಳಿ. ಕಾಲಿನಿಂದ ನೆಲ ಒದ್ದು ಎದ್ದು ನಿಲ್ಲಿ, ಆ ಎದ್ದ ಜೋರಿನಲ್ಲೇ ಚೀಲ ಹೆಗಲಿಗೆ ಹೋಗಬೇಕು. ಕೈಯಿಂದ ಎಳೆದು ಹೆಗಲಿಗೆ ಹಾಕುವವನು ನಾಲ್ಕನೇ ಸಲಕ್ಕೆ ಸೋಲುತ್ತಾನೆ. ಇಳಿಸುವಾಗ ಸೊಂಟ ತಿರುಗಿಸಿ ಬಿಸಾಕಬೇಡಿ. ಒಮ್ಮೆ ಎಡ ಹೆಗಲು, ಒಮ್ಮೆ ಬಲ ಹೆಗಲು.

ಹಂತ 4: ಮೂರರಿಂದ ಆರನೇ ವಾರ, ಇಲ್ಲಿದೆ ಮಜಾ

ಸೋಮವಾರ ಚೀಲದ ದಿನ. 20 ಕೆಜಿ ಚೀಲ ಹೆಗಲಿಗೆ 6 ಸಲ, 10 ಪುಷ್‌ಅಪ್, 4 ಬೀಮ್, ತುಂಬಿದ ಕ್ಯಾನ್ ಹಿಡಿದು 50 ಮೀಟರ್. ಎಷ್ಟು ಬೇಗ ಆಗುತ್ತದೋ ಅಷ್ಟು ಬೇಗ, ಆಮೇಲೆ 90 ಸೆಕೆಂಡ್ ವಿಶ್ರಾಂತಿ. ಮೂರನೇ ವಾರ 4 ಸುತ್ತು, ಆರನೇ ವಾರಕ್ಕೆ 6. ವಿಶ್ರಾಂತಿ ಕಡಿಮೆ ಮಾಡಿ ಹೀರೋ ಆಗುವುದು ಬೇಡ. ಬೀಮ್ ಒಂದೂ ಬರದವರು ಕಲ್ಲಿನ ಮೇಲೆ ನಿಂತು ಗದ್ದ ಮೇಲಿಟ್ಟು, ಐದು ಎಣಿಸುತ್ತಾ ಇಳಿಯಲಿ. ಅದೂ ಒಂದು ಸುತ್ತಿಗೆ ಎರಡೇ, ನನ್ನ ಕಥೆ ಮೇಲೆ ಓದಿದ್ದೀರಿ.

ಬುಧವಾರ ಓಟ. 400 ಮೀಟರ್ ನಾಲ್ಕು ಸಲ, ಓಡಲು ಹಿಡಿದಷ್ಟೇ ಹೊತ್ತು ನಡಿಗೆ. ಆರನೇ ವಾರಕ್ಕೆ ಆರು ಸಲ. ಭರ್ತಿ ಹುಡುಗರಿಗೆ ಒಂದು ಲೆಕ್ಕ: 1600 ಮೀಟರ್‌ನಲ್ಲಿ ಪೂರ್ತಿ 60 ಮಾರ್ಕ್ ಬೇಕಾದರೆ 5 ನಿಮಿಷ 30 ಸೆಕೆಂಡ್‌ನೊಳಗೆ ಮುಗಿಸಬೇಕು, ಅಂದರೆ ಪ್ರತಿ 400 ಮೀಟರ್‌ಗೆ 82 ಸೆಕೆಂಡ್ ಚಿಲ್ಲರೆ. ನಮ್ಮ ಹುಡುಗರು ಮೊದಲ ರೌಂಡ್ 70 ಸೆಕೆಂಡ್‌ನಲ್ಲಿ ಹಾರಿ, ಮೂರನೇ ರೌಂಡಿಗೆ ಎತ್ತಿನ ಗಾಡಿ ಆಗುತ್ತಾರೆ. 82 ಅಂದರೆ 82. ಕೈಯಲ್ಲಿ ವಾಚ್ ಇರಲಿ. ಈ ಓಟ ಕೈಬಿಟ್ಟು ಬರೀ ಚೀಲ ಎತ್ತಿದರೂ ಪರೀಕ್ಷೆ ಪಾಸಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಶುಕ್ರವಾರ ಮಿಶ್ರ. 20 ನಿಮಿಷ ಅಲಾರಂ ಇಡಿ. 200 ಮೀಟರ್ ಓಟ, ಟೈರು ಎಳೆದು 25 ಮೀಟರ್ ಹೋಗಿ ಬರುವುದು, 8 ಬಸ್ಕಿ ಚೀಲ ಅಪ್ಪಿಕೊಂಡು, 8 ಮೀಟರ್ ಕ್ರಾಲಿಂಗ್. ಟೈಮ್ ಮುಗಿಯುವಷ್ಟರಲ್ಲಿ ಎಷ್ಟು ಸುತ್ತು ಆಯಿತು ಬರೆದಿಡಿ. ವಾರಕ್ಕೆ ಒಂದು ವ್ಯಾಯಾಮ ಬದಲಿಸಿ, ಟೈರು ಬದಲು ಮೆಟ್ಟಿಲು, ಕ್ರಾಲಿಂಗ್ ಬದಲು ಗುಂಡಿ ಜಿಗಿತ. ಒಂದೇ ನಿಯಮ: ಬೆನ್ನು ಬಾಗತೊಡಗಿದರೆ ಸುತ್ತು ನಿಲ್ಲಿಸಿ. ಗಡಿಯಾರ ಓಡುತ್ತಿದೆ ಅಂತ ಕೆಟ್ಟದಾಗಿ ಎತ್ತಿದ ಚೀಲವೇ ಆರು ತಿಂಗಳ ಬೆನ್ನುನೋವು.

ಭಾನುವಾರ ಪಿಟ್ಠು ಬೆನ್ನಿಗೆ ಹಾಕಿ ನಡಿಗೆ. 10 ಕೆಜಿ, 4 ಕಿಲೋಮೀಟರ್‌ನಿಂದ ಶುರು. ಒಂದು ವಾರ ದೂರ ಜಾಸ್ತಿ ಮಾಡಿ, ಮುಂದಿನ ವಾರ ಭಾರ ಜಾಸ್ತಿ ಮಾಡಿ, ಎರಡನ್ನೂ ಒಟ್ಟಿಗೆ ಬೇಡ. ಹೊಸ ಬೂಟು ಹಾಕಿ ಹೋಗಬೇಡಿ. ಉಳಿದ ದಿನ ಹೊಲ, ಮದುವೆ ಓಡಾಟ, ಮಕ್ಕಳ ಜೊತೆ ಆಟ. ಯೂನಿಟ್‌ನಲ್ಲಿ ದಿನಾ ರಗಡಾ (ಮೈಮುರಿಯುವ ಕಸರತ್ತು) ತಿಂದು ಅಭ್ಯಾಸ ಆದವರಿಗೆ ಈ ಖಾಲಿ ದಿನಗಳೇ ಕಷ್ಟ, ಏನೋ ತಪ್ಪು ಮಾಡಿದ ಹಾಗೆ ಅನಿಸುತ್ತದೆ. ಗಟ್ಟಿಯಾಗುವುದು ಆ ದಿನಗಳಲ್ಲೇ, ಸುಮ್ನೆ ಇರಿ.

ಹಂತ 5: ಏಳು, ಎಂಟನೇ ವಾರ

ಏಳನೇ ವಾರ ಪಿಟ್ಠು ಹಾಕಿ ಸ್ವಲ್ಪ ಓಟ: 400 ಮೀಟರ್ ಓಡಿ 200 ನಡೆದು, ಒಟ್ಟು 5 ಕಿಲೋಮೀಟರ್. ಒಂದೇ ಸಲ ಸಾಕು, ಅದೂ ಭಾನುವಾರದ ನಡಿಗೆ ಬದಲಿಗೆ. ಅಮೆರಿಕದವರ ಆ 250 ಮೀಟರ್ ಐಟಂ ಶುಕ್ರವಾರ ಎರಡು ಸಲ ಮಾಡಿ, ಮಧ್ಯೆ ಆರು ನಿಮಿಷ ವಿಶ್ರಾಂತಿ. ಎಂಟನೇ ವಾರ ಎಲ್ಲವನ್ನೂ ಅರ್ಧಕ್ಕೆ ಇಳಿಸಿ, ಕೊನೆಗೆ ಮೊದಲ ದಿನದ ಟೆಸ್ಟ್ ಮತ್ತೆ.

ಪೋಸ್ಟಿಂಗ್ ಲೇಹ್ ಕಡೆ ಇದ್ದವರಿಗೆ ಒಂದು ಮಾತು. ಕೆಳಗೆ ಎಷ್ಟೇ ಫಿಟ್ ಆಗಿದ್ದರೂ ಮೇಲೆ ಹೋದ ತಕ್ಷಣ ತೋರಿಸೋಕೆ ಹೋಗಬೇಡಿ. 9 ಸಾವಿರ ಅಡಿ ದಾಟಿದ ಮೇಲೆ ಮೊದಲ ಹಂತದ 6 ದಿನದ ಅಕ್ಲಮಟೈಸೇಶನ್ (ಎತ್ತರಕ್ಕೆ ಮೈ ಒಗ್ಗಿಸಿಕೊಳ್ಳುವುದು) ಇರುವುದು ಸುಮ್ನೆ ಅಲ್ಲ. ಅಲ್ಲಿ ಆ ದಿನಗಳಲ್ಲಿ ಹಿಫ್ಟ್ ಇಲ್ಲ, ಪಂಥ ಇಲ್ಲ.

ತಟ್ಟೆ

ಊಟ ಬಿಡಬೇಡಿ. ರೊಟ್ಟಿ, ಪಲ್ಯ, ಬೇಳೆ, ಮೊಸರು ಇರುವ ನಮ್ಮ ತಟ್ಟೆಯಲ್ಲಿ ದೋಷ ಇಲ್ಲ, ದೋಷ ಇರುವುದು ತಟ್ಟೆಯ ಹೊರಗೆ. ಎಲ್ಲಕ್ಕಿಂತ ಮೊದಲು ಚಹಾ ಲೆಕ್ಕ ಹಾಕಿ. ದಿನಕ್ಕೆ 5 ಕಪ್, ಕಪ್ಪಿಗೆ 2 ಚಮಚ ಸಕ್ಕರೆ ಅಂದರೆ 50 ಗ್ರಾಂ ಸಕ್ಕರೆ, 200 ಕ್ಯಾಲೊರಿ. ಊರಲ್ಲಿ ಐದು ಮನೆಗೆ ಹೋದವನಿಗೆ ಐದು ಕಪ್ ಯಾವ ಲೆಕ್ಕ? ಎರಡು ಕಪ್‌ಗೆ ಇಳಿಸಿ, ಉಳಿದ ಕಡೆ ಮಜ್ಜಿಗೆ ಕೇಳಿ, ಯಾರೂ ಬೇಜಾರಾಗುವುದಿಲ್ಲ. ಎರಡನೆಯದು ಕ್ಯಾಂಟೀನ್ ರಮ್. 60 ಎಂಎಲ್‌ಗೆ ಸುಮಾರು 140 ಕ್ಯಾಲೊರಿ, ಮೂರು ಪೆಗ್‌ಗೆ 420, ಜೊತೆಗೆ ಖಾರಾ ಶೇಂಗಾದ್ದು ಬೇರೆ. ಶುಕ್ರವಾರದ 20 ನಿಮಿಷ ಇದನ್ನು ಸುಡುವುದಿಲ್ಲ. ಕುಡಿಯಲೇಬೇಡಿ ಅಂತ ಹೇಳೋಕೆ ನಾನು ಯಾರು, ಆದರೆ ನೋಟ್‌ಬುಕ್‌ನಲ್ಲಿ ಬರೆಯಿರಿ.

ಪ್ರೋಟೀನ್ ತೂಕದ ಕೆಜಿಗೆ 1.5 ಗ್ರಾಂ ಹಿಡಿಯಿರಿ. 70 ಕೆಜಿಯವನಿಗೆ 105 ಗ್ರಾಂ. ಒಂದು ಮೊಟ್ಟೆಗೆ 6, ಒಂದು ದೊಡ್ಡ ಲೋಟ ಹಾಲಿಗೆ 8, ಬೇಯಿಸಿದ ಕೋಳಿ 100 ಗ್ರಾಂಗೆ 25ಕ್ಕೂ ಜಾಸ್ತಿ, ಒಣ ಸೋಯಾ ಚಂಕ್ಸ್ 50 ಗ್ರಾಂಗೆ ಹತ್ತಿರಹತ್ತಿರ 25. ಸಸ್ಯಾಹಾರಿಗಳಿಗೆ ಸೋಯಾ, ಮೊಸರು, ಕಾಳು ಪಲ್ಯ ಸೇರಿಸಿದರೆ ಆಗುತ್ತದೆ, ಡಬ್ಬಿ ಪೌಡರ್ ಇಲ್ಲದೆಯೇ. ಶೇಂಗಾ ಒಳ್ಳೆಯದೇ, 100 ಗ್ರಾಂಗೆ 25 ಗ್ರಾಂ ಪ್ರೋಟೀನ್ ಇದೆ, ಆದರೆ ಕ್ಯಾಲೊರಿ 550 ದಾಟುತ್ತದೆ. ಹಿಡಿಯಷ್ಟು ತಿನ್ನಿ, ಸೇರು ತುಂಬಾ ಬೇಡ. ವಾರಕ್ಕೆ ಅರ್ಧ ಕೆಜಿ ಇಳಿದರೆ ಸಾಕು. ಉಪವಾಸ ಬಿದ್ದು ಅದಕ್ಕಿಂತ ಬೇಗ ಇಳಿಸಿದವನ ಬೀಮ್ ಎಂಟರಿಂದ ಐದಕ್ಕೆ ಬಂದದ್ದನ್ನು ನೋಡಿದ್ದೇನೆ, ಕೊಬ್ಬಿನ ಜೊತೆ ಸ್ನಾಯುವೂ ಹೋಗಿತ್ತು.

ಹೋಳಿಗೆ? ಹಬ್ಬದ ದಿನ ತಿನ್ನಿ. ಹಬ್ಬದ ಮಾರನೇ ದಿನ ಉಳಿದದ್ದನ್ನು ತಿನ್ನುವುದರಲ್ಲೇ ಹೊಟ್ಟೆ ಬರುವುದು.

ಯಾವಾಗ ಮಾಡಬಾರದು

ಜ್ವರ ಇದ್ದರೆ ಮಾಡಬೇಡಿ, ಜ್ವರ ಬಿಟ್ಟ ಮೇಲೂ ನಾಲ್ಕೈದು ದಿನ ನಡಿಗೆ ಮಾತ್ರ. ಎದೆಯಲ್ಲಿ ಬಿಗಿತ, ತಲೆ ತಿರುಗು, ಓಡುತ್ತಿದ್ದವನು ಇದ್ದಕ್ಕಿದ್ದಂತೆ ತೊದಲುವುದು, ಇವು ಕಂಡರೆ ನೆರಳಿಗೆ ಮಲಗಿಸಿ, ಮೈಮೇಲೆ ನೀರು ಸುರಿದು, 108ಕ್ಕೆ ಫೋನ್. ಕಾಶ್ಮೀರದ ಚಳಿಯಿಂದ ಏಪ್ರಿಲ್‌ನಲ್ಲಿ ರಾಯಚೂರಿಗೋ ಕಲಬುರಗಿಗೋ ಇಳಿದವರು ಮೊದಲ ಹತ್ತು ಹದಿನೈದು ದಿನ ಬಿಸಿಲಿಗೆ ಮೈ ಒಗ್ಗಿಸಿಕೊಳ್ಳಬೇಕು. ಅಲ್ಲಿಯವರೆಗೆ ಬೆಳಿಗ್ಗೆ ಏಳರೊಳಗೆ ಮುಗಿಸಿ. ಮೊಣಕಾಲ ಕೆಳಗಿನ ಎಲುಬಿನಲ್ಲಿ ಬೆರಳಿಟ್ಟರೆ ಒಂದೇ ಜಾಗದಲ್ಲಿ ಚುಚ್ಚುವ ನೋವಿದ್ದರೆ ಅದು ಸ್ಟ್ರೆಸ್ ಫ್ರಾಕ್ಚರ್ ಇರಬಹುದು, ಓಟ ನಿಲ್ಲಿಸಿ ತೋರಿಸಿ.

ಹೋಗುವ ಹಿಂದಿನ ದಿನ ಉಸುಕು ಸುರಿದು ಕಿಟ್ ಬ್ಯಾಗ್ ಒಗೆದು ಒಣಗಿಸಿ, ಟೇಪ್ ಮತ್ತು ನೋಟ್‌ಬುಕ್ ಟ್ರಂಕ್‌ಗೆ ಹಾಕಿ. ಅವ್ವ ಕೊಡುವ ಚಕ್ಕುಲಿ, ಶೇಂಗಾ ಉಂಡಿ ಡಬ್ಬಿ ಹೇಗೂ ಬಂದೇ ಬರುತ್ತದೆ, ಬೇಡ ಅಂದು ಆಕೆಯ ಮನಸ್ಸು ನೋಯಿಸಬೇಡಿ. ಬ್ಯಾರಕ್‌ಗೆ ಕಾಲಿಟ್ಟ ಕೂಡಲೇ ಡಬ್ಬಿಯ ಮುಚ್ಚಳ ತೆಗೆದು ಸೆಕ್ಷನ್‌ನವರ ಮುಂದೆ ಇಡಿ, ರಾತ್ರಿ ರೋಲ್ ಕಾಲ್‌ಗೆ ಮುಂಚೆ ಖಾಲಿಯಾಗಿರುತ್ತದೆ.